ಪದ ಪರಿಚಯ: ಯಕೃತ್ತು

ಪಠ್ಯಪುಸ್ತಕದಲ್ಲಿ ‘ಪಿತ್ತಜನಕಾಂಗ’, ಆಸ್ಪತ್ರೆಯಲ್ಲಿ ‘ಲಿವರ್’. ಇವೆರಡರ ನಡುವೆ ಮೂಲೆಗೆ ಸರಿದಿರುವ ‘ಯಕೃತ್ತು’ ಸಂಸ್ಕೃತದಿಂದ ಬಂದ ಬಹು ಹಳೆಯ ಪದ. ಗ್ರೀಕಿನ ‘ಹೇಪಾರ್’, ಲ್ಯಾಟಿನ್ನಿನ ‘ಯೆಕುರ್’ ಇದರ ಒಡಹುಟ್ಟುಗಳು. ‘ಹೆಪಟೈಟಿಸ್’ ಹುಟ್ಟಿದ್ದು ಹೇಪಾರ್‌ನಿಂದ.

ಯೆಕುರ್‌ನ ಕಥೆ ನನಗೆ ಬಲು ಇಷ್ಟ. ರೋಮನ್ನರು ಹೆಬ್ಬಾತುಗಳಿಗೆ ಅಂಜೂರ ತಿನ್ನಿಸಿ ಕೊಬ್ಬಿಸುತ್ತಿದ್ದರು. ಹಾಗೆ ಉಬ್ಬಿದ ಯಕೃತ್ತು ಔತಣದ ಖಾದ್ಯ. ಹೆಸರು ‘ಯೆಕುರ್ ಫಿಕಾಟುಮ್’, ಅಂದರೆ ಅಂಜೂರ ತುಂಬಿದ ಯಕೃತ್ತು. ಬರಬರುತ್ತಾ ‘ಯೆಕುರ್’ ಉದುರಿಹೋಗಿ ‘ಫಿಕಾಟುಮ್’ ಎಂಬುದೇ ಅಂಗದ ಹೆಸರಾಯಿತು. ಫ್ರೆಂಚಿನ ‘ಫ್ವಾ’, ಇಟಾಲಿಯನ್ನಿನ ‘ಫೇಗಾತೊ’, ಸ್ಪ್ಯಾನಿಷಿನ ‘ಈಗಾದೊ’ ಎಲ್ಲವೂ ಅದರ ಸಂತಾನ. ಯುರೋಪಿನ ಕೋಟ್ಯಂತರ ಜನ ಇಂದಿಗೂ ಆರೋಗ್ಯವಂತ ಯಕೃತ್ತನ್ನು ಕರೆಯುವುದು ಕೊಬ್ಬಿದ ಯಕೃತ್ತಿನ ಹೆಸರಿನಿಂದಲೇ!

ಮನುಷ್ಯರಲ್ಲೂ ನಡೆಯುವುದು ಹೆಚ್ಚುಕಡಿಮೆ ಆ ಹೆಬ್ಬಾತುಗಳಲ್ಲಿ ನಡೆದದ್ದೇ. ಮಿಕ್ಕ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿಸುತ್ತದೆ; ಬೊಜ್ಜಿನಿಂದ ಹರಿದುಬರುವ ಕೊಬ್ಬೂ ಅಲ್ಲಿಗೇ ಸೇರುತ್ತದೆ. ಆ ಕೊಬ್ಬು ಯಕೃತ್ತಿನ ತೂಕದ ಶೇ 5 ದಾಟಿದರೆ ‘ಫ್ಯಾಟಿ ಲಿವರ್’. ಕುಡಿಯದವರಿಗೂ ಇದು ಬರುವುದರಿಂದ ‘ಮದ್ಯೇತರ’ ಎಂಬ ವಿಶೇಷಣವಿತ್ತು. 2023ರಲ್ಲಿ ತಜ್ಞರು ಅದನ್ನೂ ‘ಫ್ಯಾಟಿ’ ಎಂಬುದನ್ನೂ ಬಿಟ್ಟು, ಚಯಾಪಚಯದ ದೋಷವನ್ನು ಹೆಸರಿನಲ್ಲಿಯೇ ಸೇರಿಸಿದರು. ರೋಗಿಯನ್ನು ನೋಯಿಸುವ ಪದ ಹೋದದ್ದು ಒಳ್ಳೆಯದೇ ಆಯಿತು. ದಪ್ಪಗಿರುವವರು ತೂಕದಲ್ಲಿ ಶೇ 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬೂ ಉರಿಯೂತವೂ ಸಾಮಾನ್ಯವಾಗಿ ತಗ್ಗುತ್ತವೆ.