ಇಂಗಾಲದ ಲೆಕ್ಕ ಪೀಣ್ಯಕ್ಕೆ ಬಂದ ಬಗೆ

2009ರ ಡಿಸೆಂಬರ್ 18, ಕೋಪನ್‌ಹೇಗನ್ ಹವಾಮಾನ ಸಮ್ಮೇಳನದ ಕೊನೆಯ ದಿನ. ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾಗಳ ನಾಯಕರು ಒಂದು ಕೋಣೆಯಲ್ಲಿ ಮಾತುಕತೆಗೆ ಕೂತಿದ್ದಾಗ ಅಮೆರಿಕದ ಅಧ್ಯಕ್ಷ ಒಬಾಮ ಅಲ್ಲಿಗೇ ಬಂದರು. ನಾಲ್ಕೂ ದೇಶಗಳು 'ಬೇಸಿಕ್' ಎಂಬ ಹೆಸರಿನಲ್ಲಿ ಒಂದಾಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ.

ಅವರ ವಾದ ಮಾತ್ರ ಹಳೆಯದು. ಕಲ್ಲಿದ್ದಲು ಉರಿಸಿ ಮೊದಲು ಸಿರಿವಂತರಾದವರು ಹೆಚ್ಚಿನ ಹೊರೆ ಹೊರಬೇಕು ಎಂಬ ತತ್ತ್ವವನ್ನು 1992ರಲ್ಲಿ ರಿಯೋ ಶೃಂಗಸಭೆ ಒಪ್ಪಿತ್ತು. 1997ರ ಕ್ಯೋಟೋ ಒಪ್ಪಂದ ಕಡ್ಡಾಯ ಕಡಿತವನ್ನು ಶ್ರೀಮಂತ ದೇಶಗಳಿಗಷ್ಟೇ ವಿಧಿಸಿತು. ಬಡ ದೇಶಗಳಲ್ಲಿ ತಗ್ಗಿಸಿದ ಹೊಗೆಯನ್ನು ಅವರು ದುಡ್ಡು ಕೊಟ್ಟು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಿತ್ತು. ಬೆಂಗಳೂರಿನ ಉತ್ತರಕ್ಕಿರುವ ಬಾಗೇಪಲ್ಲಿಯಲ್ಲಿ 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟಿಸುವ ಯೋಜನೆ 2005ರಲ್ಲಿ ನೋಂದಣಿಯಾದದ್ದು ಈ ವ್ಯವಸ್ಥೆಯಡಿಯಲ್ಲೇ. ಸೌದೆ ಹೊರುವ ಹೆಂಗಸರ ದಣಿವು ಇಳಿಯುವುದಕ್ಕೂ ವಿದೇಶದ ಕಾರ್ಖಾನೆಯ ಹೊಗೆಗೂ ಹೀಗೆ ನಂಟು ಬೆಳೆಯಿತು.

ಆಮೇಲೆ ಕೊಳ್ಳುವವರು ನಮ್ಮೂರಲ್ಲೇ ಹುಟ್ಟಿಕೊಂಡರು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್, ತನ್ನ ಹೊರಸೂಸುವಿಕೆಯನ್ನು 2020ರಲ್ಲಿ ಸರಿದೂಗಿಸಿರುವುದಾಗಿ ಘೋಷಿಸಿತು. ಅದಕ್ಕಾಗಿ ಹಳ್ಳಿಗಳ ಬಯೋಗ್ಯಾಸ್, ಒಲೆ ಯೋಜನೆಗಳಿಗೆ ಹಣ ಹೂಡಿತ್ತು. ಸಂಧಾನದ ಮೇಜಿನಲ್ಲಿ ಬಡವರ ಪರ ವಾದಿಸುವ ದೇಶದೊಳಗೇ ಸಿರಿವಂತರೂ ಬಡವರೂ ಇಂಗಾಲದ ವ್ಯವಹಾರದಲ್ಲಿ ಎದುರುಬದುರು ಕೂತರು. ಈ ಬದಲಾವಣೆಯನ್ನು ಸಮ್ಮೇಳನಗಳ ಭಾಷಣಗಳು ಬಹುಮಟ್ಟಿಗೆ ಮರೆಸಿಬಿಡುತ್ತವೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಥೆ ಬೇರೆ. ಲೇತ್ ಸದ್ದು, ಜಾಬ್ ವರ್ಕ್, ಕಂತಿನ ಸಾಲಗಳ ನಡುವೆ ಬದುಕುವ ಸಣ್ಣ ಘಟಕಗಳ ಊರು ಅದು. ಆಮದಾಗುವ ಉಕ್ಕು, ಅಲ್ಯೂಮಿನಿಯಂ ಮುಂತಾದವುಗಳ ಇಂಗಾಲಕ್ಕೆ ಬೆಲೆ ಕಟ್ಟುವ ನಿಯಮದ ಮೊದಲ ಹಂತವನ್ನು ಯುರೋಪ್ 2023ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಪೀಣ್ಯದಂಥ ಕಡೆ ತಯಾರಾಗುವ ಬೋಲ್ಟು, ನಟ್ಟುಗಳೂ ಆ ಪಟ್ಟಿಯಲ್ಲಿವೆ. ದುಡ್ಡು ಕಟ್ಟುವವರು ಅಲ್ಲಿನ ಆಮದುದಾರರು, ನಿಜ. ಆದರೆ ಅವರು ಲೆಕ್ಕ ಕೇಳುವುದು ತಯಾರಕರನ್ನು. ಹತ್ತಾರು ಜನರ ವರ್ಕ್‌ಶಾಪ್ ತನ್ನ ಕರೆಂಟ್ ಬಿಲ್ ತೋರಿಸಬಹುದು. ಕೊಂಡ ಉಕ್ಕು ಕುಲುಮೆಯಲ್ಲಿ ಎಷ್ಟು ಹೊಗೆ ಬಿಟ್ಟಿತ್ತೆಂದು ಅದು ಯಾರನ್ನು ಕೇಳಬೇಕು?

2024ರ ಬಾಕು ಹವಾಮಾನ ಸಮ್ಮೇಳನದಲ್ಲಿ ಬೇಸಿಕ್ ದೇಶಗಳು ಇಂಥ ಏಕಪಕ್ಷೀಯ ವ್ಯಾಪಾರ ಕ್ರಮಗಳ ಚರ್ಚೆಗೆ ಪಟ್ಟು ಹಿಡಿದವು. ಅಲ್ಲೇ ಒಪ್ಪಿತವಾದ, 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್ ಡಾಲರ್ ನೆರವಿನ ಗುರಿ ತೀರಾ ಕಡಿಮೆಯೆಂದು ಭಾರತ ತಿರಸ್ಕರಿಸಿತು. ಆ ಕೋಪ ನ್ಯಾಯವಾದದ್ದೇ. ಅದೇ ನ್ಯಾಯ ಪೀಣ್ಯಕ್ಕೂ ಸಲ್ಲಬೇಕು: ಹೊಸ ಯಂತ್ರಕ್ಕೆ ಕಡಿಮೆ ಬಡ್ಡಿಯ ಸಾಲ, ಲೆಕ್ಕ ಬರೆದುಕೊಡುವ ನೆರವು, ಉಕ್ಕಿನ ಕಾರ್ಖಾನೆಯಿಂದ ಮಾಹಿತಿ ಕೇಳಿ ಪಡೆಯುವ ಹಕ್ಕು.