ಐಸಿಯು: ಕಾವಲಿನ ಕೋಣೆಯ ಕಥೆ

‘ಬೆಡ್ ಖಾಲಿ ಐತೇನ್ರೀ?’

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳ ಬಾಗಿಲಲ್ಲಿ ನಡುರಾತ್ರಿಯಲ್ಲೂ ಕೇಳಿಬರುವ ಪ್ರಶ್ನೆ ಇದು. ನವಲಗುಂದದಿಂದ, ರೋಣದಿಂದ, ಅರಬೈಲು ಘಟ್ಟ ಹತ್ತಿ ಅಂಕೋಲಾ ಕಡೆಯಿಂದ ಆಂಬುಲೆನ್ಸಿನಲ್ಲಿ ಬಂದವರು ಹೀಗೆ ಕೇಳುವಾಗ ಅವರ ಮನಸ್ಸಿನಲ್ಲಿರುವುದು ಒಂದು ಮಂಚ ಮತ್ತು ಅದರ ಪಕ್ಕದಲ್ಲೊಂದು ಯಂತ್ರ. ತೀವ್ರ ನಿಗಾ ಘಟಕ ಎಂದರೆ ಯಂತ್ರಗಳ ಕೋಣೆ ಎಂಬುದು ನಮ್ಮೆಲ್ಲರ ಕಲ್ಪನೆ. ಆದರೆ ಈ ಘಟಕದ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಮೊದಲು ಬಂದದ್ದು ಕಾವಲು. ಯಂತ್ರ ಬಂದದ್ದು ಆಮೇಲೆ.

ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ಉಪಚರಿಸಿ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್, ಆಸ್ಪತ್ರೆಗಳ ಕಟ್ಟಡ ಹೇಗಿರಬೇಕೆಂಬುದರ ಬಗ್ಗೆಯೂ ಪುಸ್ತಕ ಬರೆದರು. ಶಸ್ತ್ರಚಿಕಿತ್ಸೆಯ ಕೋಣೆಗೆ ಹೊಂದಿಕೊಂಡ ಚಿಕ್ಕ ಕೋಣೆಯಲ್ಲಿ ರೋಗಿ ಚೇತರಿಸಿಕೊಳ್ಳುವವರೆಗೆ ಇರಿಸಿಕೊಳ್ಳುವ ಪದ್ಧತಿ ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳಲ್ಲಿ ಇದೆಯೆಂದು ಅವರು 1863ರಲ್ಲೇ ಗುರುತಿಸಿದ್ದರು. 1923ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಡಾ. ವಾಲ್ಟರ್ ಡ್ಯಾಂಡಿ ಮೆದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದವರಿಗಾಗಿ ಮೂರು ಹಾಸಿಗೆಗಳ ಪ್ರತ್ಯೇಕ ಘಟಕ ತೆರೆದರು. ಅಲ್ಲಿದ್ದ ವಿಶೇಷವೆಂದರೆ ತರಬೇತಿ ಪಡೆದ ನರ್ಸುಗಳ ಕಣ್ಣು.

ಈಗಿನ ಐಸಿಯುವಿಗೆ ನಾಂದಿ ಹಾಡಿದ್ದು ಪೋಲಿಯೊ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು, ಯುವಕರು ಬ್ಲೆಗ್‌ಡಾಮ್ ಆಸ್ಪತ್ರೆಗೆ ಸಾಲುಗಟ್ಟಿ ಬಂದರು. ಆಸ್ಪತ್ರೆಯಲ್ಲಿದ್ದದ್ದು ಇಡೀ ದೇಹವನ್ನು ಒಳಗೆ ಮಲಗಿಸುವ ಒಂದು ದೊಡ್ಡ ಉಸಿರಾಟದ ಯಂತ್ರ, ಎದೆಗೆ ಕಟ್ಟುವ ಆರು ಸಣ್ಣ ಯಂತ್ರಗಳು. ಅವುಗಳ ಆಸರೆ ಪಡೆದ ಮೊದಲ 31 ರೋಗಿಗಳಲ್ಲಿ 27 ಮಂದಿ ಮೂರು ದಿನಗಳೊಳಗೆ ತೀರಿಕೊಂಡರು.

ಆಗ ಅರಿವಳಿಕೆ ತಜ್ಞ ಡಾ. ಬ್ಯೋರ್ನ್ ಇಬ್ಸೆನ್ ಒಂದು ದಾರಿ ಸೂಚಿಸಿದರು. ಗಂಟಲಿನಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಅದುಮುತ್ತ ಗಾಳಿ ತುಂಬುವುದು. ಅರಿವಳಿಕೆ ವೈದ್ಯರು ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಮಾಡುತ್ತಿದ್ದ ಕೆಲಸವೇ ಇದು. ವಾರ್ಡಿಗೆ ಬಂದದ್ದಷ್ಟೇ ಹೊಸತು. ಆದರೆ ದಿನವಿಡೀ ಚೀಲ ಅದುಮುವವರು ಯಾರು? ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಮುಂದೆ ಬಂದರು. ಸುಮಾರು 1,500 ಮಂದಿ ಪಾಳಿಯ ಮೇಲೆ, ತಿಂಗಳುಗಟ್ಟಲೆ, ಹಾಸಿಗೆಯ ಪಕ್ಕದಲ್ಲಿ ಕುಳಿತು ಬೇರೊಬ್ಬರ ಉಸಿರನ್ನು ತಮ್ಮ ಕೈಯಲ್ಲಿ ಹಿಡಿದರು. ನೂರಕ್ಕೆ 80ಕ್ಕಿಂತ ಹೆಚ್ಚಿದ್ದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷ, 1953ರ ಡಿಸೆಂಬರಿನಲ್ಲಿ, ಇಬ್ಸೆನ್ ಅದೇ ನಗರದ ಕೊಮ್ಯೂನ್ ಆಸ್ಪತ್ರೆಯಲ್ಲಿ ಎಲ್ಲ ಬಗೆಯ ಗಂಭೀರ ರೋಗಿಗಳಿಗೂ ಒಂದೇ ಕಡೆ ನಿಗಾ ಒದಗಿಸುವ ಘಟಕ ಸ್ಥಾಪಿಸಿದರು. ಜಗತ್ತಿನ ಮೊದಲ ಐಸಿಯು ಎಂದು ಹಲವರು ಪರಿಗಣಿಸುವುದು ಇದನ್ನೇ. ಕೈಯ ಕೆಲಸವನ್ನು ಕ್ರಮೇಣ ವೆಂಟಿಲೇಟರ್ ವಹಿಸಿಕೊಂಡಿತು. 1960ರ ದಶಕದಲ್ಲಿ ಹೃದಯ ಬಡಿತವನ್ನು ತೆರೆಯ ಮೇಲೆ ತೋರಿಸುವ ಮಾನಿಟರ್, ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಸಾಧನಗಳು ಸೇರಿ ಹೃದ್ರೋಗ ನಿಗಾ ಘಟಕಗಳು ಹುಟ್ಟಿದವು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾದದ್ದು 1957ರಲ್ಲಿ. ಆಗ ಇಬ್ಸೆನ್ ಅವರ ಘಟಕಕ್ಕೆ ಇನ್ನೂ ನಾಲ್ಕು ವರ್ಷ. 1996ರಲ್ಲಿ ಕಾಲೇಜು ಸ್ವಾಯತ್ತ ಸಂಸ್ಥೆಯಾಗಿ ‘ಕಿಮ್ಸ್’ ಆಯಿತು. ಆದರೂ ಹಳಬರ ಬಾಯಲ್ಲಿ ಅದು ಕೆಎಂಸಿಯಾಗಿಯೇ ಉಳಿಯಿತು. ಆ ಕಾಲದಲ್ಲಿ ಆಸ್ಪತ್ರೆ ಎಂದರೆ ಉದ್ದನೆಯ ಸಾಮಾನ್ಯ ವಾರ್ಡುಗಳು. ದೇಶದ ಎಷ್ಟೋ ಹಳೆಯ ಆಸ್ಪತ್ರೆಗಳಲ್ಲಿ ಐಸಿಯು ಎಂಬುದು ಇದ್ದ ಕಟ್ಟಡದೊಳಗೆ ಹೇಗೋ ಜಾಗ ಮಾಡಿಕೊಂಡ ಅತಿಥಿ. ಭಾರತದಲ್ಲಿ ಈ ವೈದ್ಯರ ಸಂಘವೇ ರೂಪುಗೊಂಡದ್ದು 1993ರಲ್ಲಿ. ಘಟಕವನ್ನು ಹೇಗೆ ಕಟ್ಟಬೇಕೆಂದು ಮಾರ್ಗಸೂಚಿ ಕೊಟ್ಟದ್ದೂ ಇದೇ ಸಂಘ. ಒಂದು ಘಟಕಕ್ಕೆ 8ರಿಂದ 12 ಹಾಸಿಗೆ ಸೂಕ್ತ ಎಂಬುದು ಅದರ ಸಲಹೆ. ಅದಕ್ಕಿಂತ ಹೆಚ್ಚಾದರೆ ಒಂದೇ ತಂಡದ ಕಣ್ಣು ಎಲ್ಲ ಕಡೆ ತಲುಪುವುದಿಲ್ಲ.

ಹಾಗಾದರೆ ಒಂದು ಬೆಡ್ ಎಂದರೆ ಏನೇನು? ತಲೆಯ ಬದಿಯಲ್ಲಿ ವೈದ್ಯರು ನಿಂತು ಗಂಟಲಿಗೆ ಕೊಳವೆ ಹಾಕುವಷ್ಟು ಜಾಗ ಬೇಕು. ಗೋಡೆಯಲ್ಲಿ ಆಮ್ಲಜನಕ, ಒತ್ತಡದ ಗಾಳಿ ಮತ್ತು ಕಫ ಹೀರುವ ಮಾರ್ಗ ಬೇಕು. ಕರೆಂಟು ಹೋದರೂ ಯಂತ್ರ ನಿಲ್ಲದಂತೆ ಯುಪಿಎಸ್, ಅದರ ಹಿಂದೆ ಜನರೇಟರ್ ಬೇಕು. ಒಬ್ಬರ ಸೋಂಕು ಮತ್ತೊಬ್ಬರಿಗೆ ಹೋಗದಂತೆ ಕೈ ತೊಳೆಯುವ ತೊಟ್ಟಿ ಹತ್ತಿರವೇ ಇರಬೇಕು. ಬೆಂಕಿ ಬಿದ್ದರೆ ಹಾಸಿಗೆ ಸಮೇತ ರೋಗಿಯನ್ನು ಹೊರತರುವ ಬಾಗಿಲು ಬೇಕು. ಆಮ್ಲಜನಕ ತುಂಬಿದ ಕೋಣೆಯಲ್ಲಿ ಕಿಡಿ ಎಷ್ಟು ಬೇಗ ಜ್ವಾಲೆಯಾಗುತ್ತದೆ ಎಂಬುದನ್ನು 2024ರ ನವೆಂಬರಿನಲ್ಲಿ ಝಾನ್ಸಿಯ ನವಜಾತ ಶಿಶುಗಳ ಘಟಕದ ದುರಂತ ತೋರಿಸಿತು.

ಎಲ್ಲಕ್ಕಿಂತ ಮುಖ್ಯವಾಗಿ ಮನುಷ್ಯರು ಬೇಕು. ವೆಂಟಿಲೇಟರಿನಲ್ಲಿರುವ ಒಬ್ಬ ರೋಗಿಗೆ ಒಬ್ಬ ನರ್ಸು ಎಂಬುದು ನಿಯಮ. ದಿನಕ್ಕೆ ಮೂರು ಪಾಳಿ, ವಾರದ ರಜೆ, ಕಾಯಿಲೆಯ ರಜೆ ಎಲ್ಲ ಲೆಕ್ಕ ಹಾಕಿದರೆ ಒಂದು ಬೆಡ್ಡಿಗೆ ನಾಲ್ವರಾದರೂ ಆಗುತ್ತಾರೆ. ಇಂಥ ಹತ್ತು ಬೆಡ್ಡಿನ ಘಟಕಕ್ಕೆ ನಲವತ್ತು. ಉದ್ಘಾಟನೆಯ ದಿನ ಫೋಟೊದಲ್ಲಿ ಬರುವುದು ಯಂತ್ರ ಮಾತ್ರ. ಈ ನಲವತ್ತು ಜನರಲ್ಲ.

ಕೋವಿಡ್ ಈ ಲೆಕ್ಕವನ್ನು ಕಠೋರವಾಗಿ ಕಲಿಸಿತು. ಉಸಿರಾಟ ಕಷ್ಟವಾದ ರೋಗಿಗೆ ಕೆಲವು ಸಾಧನಗಳು ನಿಮಿಷಕ್ಕೆ 60 ಲೀಟರ್‌ವರೆಗೆ ಆಮ್ಲಜನಕ ಹರಿಸುತ್ತವೆ. ದೊಡ್ಡ ಜಂಬೋ ಸಿಲಿಂಡರಿನಲ್ಲಿರುವುದು ಸುಮಾರು 7,000 ಲೀಟರ್. ಎರಡು ತಾಸೂ ಬಾರದು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆ ಸಾವಿಗೆ ಕಾರಣವಾಯಿತು ಎಂದು ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿತು. ಅಲ್ಲಿ ಹಾಸಿಗೆಗಳಿದ್ದವು, ರೋಗಿಗಳೂ ಅದರ ಮೇಲೇ ಇದ್ದರು. ಅದೇ ದಿನಗಳಲ್ಲಿ ದೇಶದ ಹಲವೆಡೆ, ನಡೆಸಬಲ್ಲ ಸಿಬ್ಬಂದಿಯಿಲ್ಲದೆ ವೆಂಟಿಲೇಟರುಗಳು ಮೂಲೆಯಲ್ಲಿ ಬಿದ್ದಿದ್ದವು.

ಗದಗ, ಕೊಪ್ಪಳಗಳಲ್ಲಿ 2015ರಲ್ಲಿ, ಕಾರವಾರದಲ್ಲಿ 2016ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜುಗಳು ಬಂದವು. ಹುಬ್ಬಳ್ಳಿಯ ಮೇಲಿನ ಭಾರ ಇಳಿಯಲೆಂಬ ಆಶಯ ಸರಿಯಾದದ್ದೇ. ಆದರೆ ಹೊಸ ಘಟಕದ ಉದ್ಘಾಟನೆಯ ಸುದ್ದಿ ಓದುವಾಗ ವೆಂಟಿಲೇಟರ್ ಎಷ್ಟು ಎಂದು ಕೇಳಿ ಸುಮ್ಮನಾಗಬಾರದು. ರಾತ್ರಿ ಪಾಳಿಗೆ ಎಷ್ಟು ನರ್ಸುಗಳು, ಆಮ್ಲಜನಕ ಎಷ್ಟು ತಾಸಿಗೆ ಸಾಕು ಎಂದೂ ಕೇಳಬೇಕು. ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳ ಬಳಿ ವೆಂಟಿಲೇಟರ್ ಇರಲಿಲ್ಲ, ಜೀವ ಉಳಿದವು. ಬೆಡ್ ಖಾಲಿ ಐತೇನ್ರೀ ಎಂದು ರಾತ್ರಿ ಬಾಗಿಲು ಬಡಿಯುವವರು ಕೇಳುತ್ತಿರುವುದೂ ಕೊನೆಗೆ ಇದನ್ನೇ: ನಮ್ಮವರ ಪಕ್ಕದಲ್ಲಿ ಎಚ್ಚರವಾಗಿರುವವರು ಯಾರಾದರೂ ಇದ್ದಾರೆಯೇ?