ಕೋತಿ ವೇಷ, ಹೆಲ್ಮೆಟ್ ಮತ್ತು ಒಂದು ಬೇಸಿಗೆಯ ದೆಹಲಿ

2001ರ ಮೇ ತಿಂಗಳ ಒಂದು ರಾತ್ರಿ. ಈಗ ದೆಹಲಿ ಕರ್ನಾಟಕ ಸಂಘವಿರುವ ರಾವ್ ತುಲಾರಾಮ್ ಮಾರ್ಗದ ಕಡೆಯಿಂದ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸ್‌ಗೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಕರೆಂಟ್ ಹೋಗಿತ್ತು. ಬ್ಲಾಕಿನ ಗೇಟಿನಲ್ಲಿ ಏಳೆಂಟು ಗಂಡಸರು ಕೋಲು ಹಿಡಿದು ನಿಂತಿದ್ದರು. ‘ಕೌನ್ ಹೈ? ಹೆಲ್ಮೆಟ್ ಉತಾರೋ!’ ತೆಗೆದೆ. ಟಾರ್ಚಿನ ಬೆಳಕು ಮುಖಕ್ಕೆ ಬಿತ್ತು. ‘ಅರೆ, ಯೇ ತೋ ಅಪ್ನೇ ಮದ್ರಾಸಿ ಭಾಯಿಸಾಬ್ ಹೈ’ ಎಂದು ಎದುರು ಮನೆಯವರು ನಕ್ಕರು. ನಾನೂ ನಕ್ಕೆ. ಮನೆಯೊಳಗೆ ಹೋಗಿ ನೀರು ಕುಡಿಯುವಾಗ ಕೈ ನಡುಗುತ್ತಿತ್ತು.

ಆ ತಿಂಗಳು ದೆಹಲಿಗೆ ‘ಮಂಕಿ ಮ್ಯಾನ್’ ಬಂದಿದ್ದ. ಗಾಜಿಯಾಬಾದಿನ ಕಡೆ ಶುರುವಾದ ಸುದ್ದಿ ಯಮುನೆ ದಾಟಿ ಊರೆಲ್ಲ ಹಬ್ಬಿತು. ಮೈತುಂಬ ಕಪ್ಪು ಕೂದಲು, ಕೆಂಪಗೆ ಉರಿಯುವ ಕಣ್ಣು, ಲೋಹದ ಉಗುರು, ತಲೆಗೆ ಹೆಲ್ಮೆಟ್, ಎದೆಯ ಮೇಲೆ ಗುಂಡಿಗಳು ಎಂದೆಲ್ಲ ಕಂಡವರು ವರ್ಣಿಸಿದರು. ಪೊಲೀಸರು ರೇಖಾಚಿತ್ರ ಬರೆಸಿ, ಬಹುಮಾನ ಘೋಷಿಸಿದರು. ಸೆಕೆಗೆ ತಾರಸಿಯ ಮೇಲೆ ಮಲಗಿದ್ದವರು ಕೂಗು ಕೇಳಿ ದಿಕ್ಕಾಪಾಲಾಗಿ ಓಡಿದರು. ಕೆಳಗೆ ಬಿದ್ದು ಕನಿಷ್ಠ ಇಬ್ಬರು ಸತ್ತರು. ಕೊನೆಗೆ ತಜ್ಞರು ಹೇಳಿದ್ದು ಇಷ್ಟೇ: ಅಂಥ ಪ್ರಾಣಿಯೇ ಇಲ್ಲ, ಇದು ಸಾಮೂಹಿಕ ಭಯ.

ಕೆಲವು ವರ್ಷಗಳ ನಂತರ 1953ರ ‘ರೋಬಾಟ್ ಮಾನ್‌ಸ್ಟರ್’ ಎಂಬ ಅಮೆರಿಕನ್ ಸಿನಿಮಾ ನೋಡಿದಾಗ ಬೆಚ್ಚಿಬಿದ್ದೆ. ಭೂಮಿಯನ್ನು ನಾಶಮಾಡಲು ಬಂದ ಅನ್ಯಗ್ರಹದ ಜೀವಿ ಅದರಲ್ಲಿ ಗೊರಿಲ್ಲಾ ವೇಷ ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿಕೊಂಡಿದ್ದಾನೆ! ನಿರ್ದೇಶಕ ಫಿಲ್ ಟಕರ್‌ಗೆ ಬೇಕಿದ್ದದ್ದು ಯಂತ್ರಮಾನವ. ಅದಕ್ಕೆ ದುಡ್ಡಿರಲಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಬಳಿ ಸ್ವಂತದ ಗೊರಿಲ್ಲಾ ವೇಷವಿತ್ತು, ಕೂಲಿಯೂ ಕಡಿಮೆ. ನಾಲ್ಕು ದಿನದಲ್ಲಿ, ಸುಮಾರು 16 ಸಾವಿರ ಡಾಲರಿನಲ್ಲಿ ಚಿತ್ರ ಮುಗಿಯಿತು. ಯಮುನಾಪಾರದ ಜನ ಈ ಚಿತ್ರ ನೋಡಿದ್ದರು ಅನ್ನುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದ ನಿರ್ದೇಶಕನೂ ಕತ್ತಲಲ್ಲಿ ಹೆದರಿದ ಮನಸ್ಸೂ ಒಂದೇ ಕೆಲಸ ಮಾಡುತ್ತವೆ: ಹತ್ತಿರ ಸಿಕ್ಕಿದ್ದನ್ನು ಜೋಡಿಸಿ ಭೂತ ಕಟ್ಟುತ್ತವೆ.

ಈ ಸಿನಿಮಾಗಳು ಹುಟ್ಟಿದ್ದು ಎರಡು ಕಾರಣಗಳಿಂದ. 1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬ ಪೈಲಟ್ ರೈನಿಯರ್ ಪರ್ವತದ ಬಳಿ ಒಂಬತ್ತು ವಿಚಿತ್ರ ವಸ್ತುಗಳು ಹಾರುವುದನ್ನು ಕಂಡೆನೆಂದ. ಪತ್ರಿಕೆಗಳು ‘ಹಾರುವ ತಟ್ಟೆ’ ಎಂದು ಹೆಸರಿಟ್ಟವು. ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪು ದೊಡ್ಡ ಸ್ಟುಡಿಯೋಗಳಿಗೆ ಚಿತ್ರಮಂದಿರಗಳ ಮೇಲಿದ್ದ ಹಿಡಿತವನ್ನು ಸಡಿಲಿಸಿತು. ಅಗ್ಗದ ಚಿತ್ರಗಳನ್ನು ಸಣ್ಣ ನಿರ್ಮಾಪಕರು ಒದಗಿಸತೊಡಗಿದರು. ಕಾರಿನಲ್ಲೇ ಕೂತು ನೋಡುವ ಡ್ರೈವ್-ಇನ್‌ಗಳಿಗೆ ಬಂದ ಹದಿಹರೆಯದವರು ಇವುಗಳ ಗಿರಾಕಿಗಳು. ‘ಅಮೆರಿಕನ್ ಇಂಟರ್‌ನ್ಯಾಷನಲ್’ ಕಂಪನಿ ಎಷ್ಟೋ ಸಲ ಮೊದಲು ಹೆಸರು, ಪೋಸ್ಟರು ಮಾಡಿಕೊಂಡು ಆಮೇಲೆ ಕಥೆ ಬರೆಸುತ್ತಿತ್ತು. 1958ರ ‘ದಿ ಬ್ಲಾಬ್’ ಚಿತ್ರದ ರಾಕ್ಷಸ ಬರೀ ಬಣ್ಣ ಬೆರೆಸಿದ ಸಿಲಿಕೋನ್ ಮುದ್ದೆ.

ಕೆಲವರಿಗೆ ರಾಕ್ಷಸನೇ ಬೇಕಾಗಲಿಲ್ಲ. 1956ರ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ ಚಿತ್ರದಲ್ಲಿ ಡಾನ್ ಸೀಗಲ್ ತೋರಿಸಿದ್ದು ಒಂದು ಸಾಧಾರಣ ಊರು. ಬಾಹ್ಯಾಕಾಶದಿಂದ ಬಂದ ಬೀಜಕೋಶಗಳು ಮಲಗಿದವರ ತದ್ರೂಪು ತಯಾರಿಸುತ್ತವೆ. ಮುಖ ಅದೇ, ದನಿ ಅದೇ, ಒಳಗಿನವನು ಬೇರೆ. ನಮ್ಮ ಕಥೆಗಳ ಪರಕಾಯ ಪ್ರವೇಶವೇ, ಆದರೆ ಮಂತ್ರವಿಲ್ಲದ್ದು. ಕಮ್ಯುನಿಸ್ಟರ ನುಸುಳುವಿಕೆಯ ಕಥೆ ಇದು ಎಂದು ಕೆಲವರು ಓದಿದರು. ಕಮ್ಯುನಿಸ್ಟರನ್ನು ಹುಡುಕುತ್ತ ಅಕ್ಕಪಕ್ಕದವರ ಮೇಲೆ ದೂರು ಕೊಡುತ್ತಿದ್ದ ಮೆಕಾರ್ಥಿ ಕಾಲದ ಕಥೆ ಎಂದು ಇನ್ನು ಕೆಲವರು. ಎರಡೂ ಓದಿನಲ್ಲಿ ಭಯ ಒಂದೇ: ಪಕ್ಕದ ಮನೆಯವನು ನಮ್ಮವನಲ್ಲದಿದ್ದರೆ?

ಆ ಹಾರುವ ತಟ್ಟೆಗಳ ಸುದ್ದಿ ನಮಗೂ ಹೊಸದಲ್ಲ. 1951ರ ಮಾರ್ಚ್ 15ರಂದು ಹೊಸದಿಲ್ಲಿಯ ಫ್ಲೈಯಿಂಗ್ ಕ್ಲಬ್ಬೊಂದರ 25 ಸದಸ್ಯರು ಆಕಾಶದಲ್ಲಿ ಚುಟ್ಟಾ ಆಕಾರದ ಲೋಹದ ವಸ್ತು ಕಂಡರೆಂದು ವರದಿಯಾಯಿತು. ಆದರೆ ನಮ್ಮ ಸಿನಿಮಾ ಅನ್ಯಗ್ರಹದವರನ್ನು ಕಂಡ ಬಗೆಯೇ ಬೇರೆ. 1963ರ ತಮಿಳು ಚಿತ್ರ ‘ಕಲೈ ಅರಸಿ’ಯಲ್ಲಿ ಅವರಿಗೆ ಭೂಮಿ ಬೇಕಿಲ್ಲ, ಸಂಗೀತ ಬೇಕು. ಅದಕ್ಕೆ ಪಿ.ಭಾನುಮತಿಯವರ ಪಾತ್ರವನ್ನೇ ಎತ್ತಿಕೊಂಡು ಹೋಗುತ್ತಾರೆ, ಎಂಜಿಆರ್ ಬಿಡಿಸಿ ತರುತ್ತಾರೆ! ಎನ್.ಎ.ಅನ್ಸಾರಿಯವರ ಹಿಂದಿ ಚಿತ್ರ ‘ವಹಾಂ ಕೆ ಲೋಗ್’ ಬಂದದ್ದು 1967ರಲ್ಲಿ. ಅಷ್ಟರಲ್ಲಿ 1962 ಮತ್ತು 1965ರ ಯುದ್ಧಗಳು ಆಗಿಹೋಗಿದ್ದವು. ಅದರಲ್ಲಿ ಮಂಗಳ ಗ್ರಹದವರ ದಾಳಿಯ ಜೊತೆಗೆ ಗೂಢಚಾರನೂ ಬಂದ. ಕನ್ನಡದ ಪ್ರೇಕ್ಷಕರನ್ನು ಹೆದರಿಸಲು ಆಕಾಶಕ್ಕೆ ಹೋಗಬೇಕಿರಲಿಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಅವರ ಮೈಮೇಲೆ ಬಂದ ಪ್ರೇತವೇ ಸಾಕಾಯಿತು.

ಈ ಚಿತ್ರಗಳನ್ನು ಇಂದು ನಗಲೆಂದೇ ನೋಡುತ್ತಾರೆ. ಎಡ್ ವುಡ್ ಅವರ ‘ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್’ಗೆ ಅತಿ ಕೆಟ್ಟ ಸಿನಿಮಾ ಎಂಬ ಬಿರುದೇ ಇದೆ. ತಟ್ಟೆಗೆ ಕಟ್ಟಿದ ದಾರ ಕಂಡಾಗ ನಾನೂ ನಗುತ್ತೇನೆ. ಆದರೆ ವೇಷ ಅಗ್ಗದ್ದಾದರೆ ಭಯವೂ ಅಗ್ಗದ್ದೆಂದು ತಿಳಿಯುವುದು ತಪ್ಪು. 2001ರ ಆ ದಿನಗಳಲ್ಲಿ ಮಂಕಿ ಮ್ಯಾನ್ ಯಾರ ಕೈಗೂ ಸಿಗಲಿಲ್ಲ. ಸಿಕ್ಕಿದ್ದು ನಾಲ್ಕಡಿ ಎತ್ತರದ ಒಬ್ಬ ಅಲೆಮಾರಿ ಸಾಧು, ಒಬ್ಬ ವ್ಯಾನ್ ಡ್ರೈವರ್. ಜನ ಅವರನ್ನು ಹಿಡಿದು ಬಡಿದರು. ಮರುವರ್ಷ ಉತ್ತರ ಪ್ರದೇಶದಲ್ಲಿ ಮುಖ ಪರಚುವ ‘ಮುಹ್‌ನೋಚ್ವಾ’ನ ಗಾಳಿಸುದ್ದಿ ಹಬ್ಬಿತು. ಈ ಸಲ ಅದು ಬೆಳಕಾಗಿ ಆಕಾಶದಿಂದಲೇ ಇಳಿಯುತ್ತಿತ್ತು.

ಅನ್ಯಗ್ರಹದವನು ಬರುವುದೇ ಇಲ್ಲ; ಅವನಿಗೆಂದು ಎತ್ತಿದ ಕೋಲು ಆ ಹೊತ್ತಿಗೆ ದಾರಿಯಲ್ಲಿ ಸಿಕ್ಕ ಅಪರಿಚಿತನ ಮೇಲೆ ಬೀಳುತ್ತದೆ. ಆ ರಾತ್ರಿ ನನ್ನನ್ನು ಉಳಿಸಿದ್ದು ‘ಅಪ್ನೇ’ ಎಂಬ ಒಂದು ಮಾತು. ಅದರ ಬೆನ್ನಿಗೇ ಬಂದ ‘ಮದ್ರಾಸಿ’ಯನ್ನೂ ನಾನು ಮರೆತಿಲ್ಲ. ಎದುರು ಮನೆಯವರು ಅಂದು ಗೇಟಿನಲ್ಲಿ ಇಲ್ಲದೇ ಹೋಗಿದ್ದರೆ?